ಎಲ್ಲಿಗೆ ಎಂದು ಕೇಳದವರು

ಕೊಲಂಬಿಯಾ, ಮೇರಿಲ್ಯಾಂಡ್
17 ನವೆಂಬರ್ 1996

ಶ್ರೀಮದಖಂಡ ಅಟ್ಲಾಂಟಾ ಮಂಡಲಾಧೀಶ್ವರಿ, ಸೂಕ್ಷ್ಮಜೀವಿಕುಲ ಭಯಂಕರಿ, ಪ್ರಯೋಗಶಾಲಾ ಸಿಂಹಾಸನಾರೂಢೆ, ಮೈದುನಜನ ಪರಿಪಾಲಕಿ ಶ್ರೀಮತಿ ನೀರಜಾ ಅತ್ತಿಗೆಯವರ ದಿವ್ಯ ಸನ್ನಿಧಾನಕ್ಕೆ, ಕೊಲಂಬಿಯಾ ಸಂಸ್ಥಾನದ ಬಾಡಿಗೆ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಪವಡಿಸುವ ತಮ್ಮ ಏಕಮಾತ್ರ ಮೈದುನ ಅವಿನಾಶನು ಮೂರು ಸಲ ನೆಲ ಮುಟ್ಟಿ ಮಾಡುವ ಬಿನ್ನಹವೇನೆಂದರೆ:

ನಾನು ಕ್ಷೇಮ. ಅಣ್ಣನ ಕ್ಷೇಮದ ವಿಷಯಕ್ಕೇ ಈ ಪತ್ರ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನು ಅಡುಗೆಮನೆಯ ಗೋಡೆಗಿದೆ, ಅಣ್ಣನ ಕಿವಿ ಮನೆಯ ಎಲ್ಲ ಗೋಡೆಗೂ ಇದೆ.

ತಾವು ಆಗಸ್ಟಿನಲ್ಲಿ ಊಟದ ಮೇಜನ್ನು ಲಾರಿಯಲ್ಲಿ ಮುಂದೆ ಕಳಿಸಿ ಅಟ್ಲಾಂಟಾಕ್ಕೆ ದಯಮಾಡಿಸಿದಿರಷ್ಟೆ. ಆ ಮೇಜಿನ ಜಾಗದಲ್ಲಿ ಈಗ ಒಂದು ದೋಣಿ ಮಲಗಿದೆ. ಹಳದಿ ಬಣ್ಣದ ಪ್ಲಾಸ್ಟಿಕ್ ಕಯಾಕ್. ಒಬ್ಬರು ಕಾಲು ಚಾಚಿ ಕೂರುವಷ್ಟೇ ಅಗಲ, ಮೂತಿ ಅಡುಗೆಮನೆಯೊಳಗೆ, ಬಾಲ ನನ್ನ ತಲೆದಿಂಬಿನ ಹತ್ತಿರ. ಮೊದಲ ವಾರ ನಾನು ಅದರ ಮೇಲೆ ಟವೆಲ್ ಒಣಗಿಸಿದೆ. ಅಣ್ಣ ಮಾತಾಡದೆ ಟವೆಲ್ ತೆಗೆದ. ಅವನು ಈಗ ಎಲ್ಲವನ್ನೂ ಮಾತಾಡದೆಯೇ ಮಾಡುತ್ತಾನೆ.

"ಇದು ಯಾಕಣ್ಣ?" ಅಂದೆ.

"ಮೀನು ಹಿಡಿಯೋಕೆ."

"ನಾವು ಮೀನು ತಿನ್ನಲ್ವಲ್ಲೋ."

"ಹಿಡಿಯೋಕೆ ಅಂದೆ. ತಿನ್ನೋಕೆ ಅಂದ್ನಾ?"

ಈಗ ಪ್ರತಿ ಶನಿವಾರ ಬೆಳಿಗ್ಗೆ ದೋಣಿಯನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಹೊರಡುತ್ತಾನೆ. ಚೆಸಪೀಕ್ ಕೊಲ್ಲಿಗೆ ಸೇರುವ ಯಾವುದೋ ನದಿ. ಮಧ್ಯಾಹ್ನ ನೀಲಿ ತುಟಿಯೊಂದಿಗೆ ಬರುತ್ತಾನೆ. ಸಿಕ್ಕ ಮೀನನ್ನೆಲ್ಲ ನೀರಿಗೇ ಬಿಡುತ್ತಾನಂತೆ. ಮೇಲಿನ ಮನೆಯ ಶಫೀವುಲ್ಲಾ ಅಂಕಲ್ ಅವರಿಗೆ ಇದರಿಂದ ಜೀವವೇ ಹೋದಂತಾಗಿದೆ. "ಏನ್ರೀ ಶೇಷಾದ್ರಿ, ಅಷ್ಟು ದೂರ ಹೋಗಿ ಮೀನುಗಳ ಯೋಗಕ್ಷೇಮ ವಿಚಾರಿಸ್ಕೊಂಡು ಬರ್ತೀರಾ? ಒಂದಾದ್ರೂ ನಮ್ಮ ಮನೆಯವಳು ಸಾಲೆಹಾ ಕೈಗೆ ಕೊಡ್ರೀ!"

ಇಷ್ಟು ತಮಾಷೆ. ಇನ್ನು ತಮಾಷೆಯಲ್ಲದ್ದು. ದೋಣಿಯ ಜೊತೆ ಬಂದ ಪುಸ್ತಕವನ್ನು ಅಣ್ಣ ಓದಿಲ್ಲ, ನಾನು ಓದಿದೆ. ತಣ್ಣಗಿನ ನೀರಿಗಿಳಿಯುವವನು ನೀರಿಗೆ ತಕ್ಕ ಬಟ್ಟೆ ಹಾಕಬೇಕೇ ಹೊರತು ಗಾಳಿಗೆ ತಕ್ಕದ್ದಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಅಣ್ಣ ಹಾಕುವುದು ಜೀನ್ಸು, ಅದರ ಮೇಲೆ ಉಣ್ಣೆಯ ಸ್ವೆಟರು. ಅದೂ ಒಬ್ಬನೇ. ಮಗುಚಿಬಿದ್ದರೆ ಏನಾಗುತ್ತದೆ ಎಂಬ ಪುಟವನ್ನು ನಾನು ಎರಡು ಸಲ ಓದಿದೆ, ತಮಗೆ ಬರೆಯುವುದಿಲ್ಲ.

ತಾವು ಒಂದು ಮಾತು ಹೇಳಿದರೆ ಅವನು ಕೇಳುತ್ತಾನೆ. ನಾನು ಹೇಳಿದರೆ ನಗುತ್ತಾನೆ. ನಗಿಸುವ ಕೆಲಸ ಮಾಡಿ ಮಾಡಿ ನನ್ನ ಮಾತಿಗೆ ಬೆಲೆ ಇಲ್ಲದಂತಾಗಿದೆ.

ತಮ್ಮ ಪಾದುಕೆಗಳನ್ನು ಹೊರಲು ಸದಾ ಸಿದ್ಧನಾದ,
ಅವಿನಾಶ

*

ಅಟ್ಲಾಂಟಾ
27 ನವೆಂಬರ್ 1996

ಅವಿ,

ನಿನ್ನ ಬಿರುದಾವಳಿ ನೋಡಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ನಕ್ಕಿದ್ದಕ್ಕೆ ನಿನ್ನ ಮೇಲೆ ಕೋಪವೂ ಬಂತು.

ನಾನು ಹೇಳಿದರೆ ಕೇಳುತ್ತಾರೆ ಅಂತ ಬರೆದಿದ್ದೀಯ. ಇಲ್ಲಿ ಕೆಲಸ ಸಿಕ್ಕಿದಾಗ ನಿಮ್ಮಣ್ಣನಿಗೆ ಎಷ್ಟು ಹೇಳಿದೆ. ಗ್ರೀನ್ ಕಾರ್ಡ್ ಬರುವ ತನಕ ಅವರು ಕಂಪನಿ ಬಿಡುವ ಹಾಗಿಲ್ಲ ಎಂದು ನನಗೂ ಗೊತ್ತು. ಹಾಗಂತ ಅವರ ಬಾಯಿಂದ ಒಂದು ಮಾತು ಬರಬಾರದಿತ್ತೆ? ಬೇಡ ಎನ್ನಲಿಲ್ಲ, ಸರಿ ಎನ್ನಲಿಲ್ಲ. ನನ್ನ ಪೆಟ್ಟಿಗೆ ಕಾರಿಗೆ ಹಾಕಿ ಕೊಟ್ಟರು, ಅಷ್ಟೆ. ಈಗ ನಾನು ಯಾವ ಅಧಿಕಾರದಲ್ಲಿ ಅವರಿಗೆ ಸ್ವೆಟರು ಬದಲಿಸಿ ಅನ್ನಲಿ?

ಇನ್ನು ಇದನ್ನೆಲ್ಲ ನನಗೆ ಬರೆಯಬೇಡ.

ಲೈಫ್ ಜಾಕೆಟ್ ಹಾಕಿಕೊಳ್ಳುತ್ತಾರಾ?

ನೀರಜಾ

*

ಕೊಲಂಬಿಯಾ
15 ಡಿಸೆಂಬರ್ 1996

ಬರೆಯಬೇಡ ಎಂದು ಅಪ್ಪಣೆ ಕೊಟ್ಟು ಕೊನೆಯ ಸಾಲಿನಲ್ಲಿ ಅದನ್ನು ತಾವೇ ರದ್ದು ಮಾಡಿದ ಕರುಣಾಸಮುದ್ರೆಯವರಿಗೆ,

ಹಾಕಿಕೊಳ್ಳುತ್ತಾನೆ. ಕಿತ್ತಳೆ ಬಣ್ಣದ್ದು. ಮೈಸೂರು ದಸರಾದಲ್ಲಿ ತಪ್ಪಿಸಿಕೊಂಡ ಸನ್ಯಾಸಿಯ ಹಾಗೆ ಕಾಣುತ್ತಾನೆ.

ಪುಸ್ತಕದ ಮಾತು ನಿಜವೋ ಸುಳ್ಳೋ ಎಂದು ನಾನೊಂದು ಪ್ರಯೋಗ ಮಾಡಿದೆ. ತಾವು ಮಾತ್ರ ವಿಜ್ಞಾನಿಯೇ? ಸ್ನಾನದ ತೊಟ್ಟಿಗೆ ತಣ್ಣೀರು ಬಿಟ್ಟು, ಪೆಟ್ರೋಲ್ ಬಂಕಿನಿಂದ ತಂದ ಐಸಿನ ಚೀಲ ಸುರಿದು, ನೀರು ಈಗಿನ ಕೊಲ್ಲಿಯಷ್ಟು ತಣ್ಣಗಾದ ಮೇಲೆ ಶರ್ಟಿನ ತೋಳು ಮಡಚಿ ಎರಡೂ ಕೈಗಳನ್ನು ಮೊಣಕೈ ತನಕ ಅದ್ದಿದೆ. ಪಕ್ಕದಲ್ಲಿ ಶಫೀವುಲ್ಲಾ ಅಂಕಲ್ ಗಡಿಯಾರ ಹಿಡಿದು ಕೂತಿದ್ದರು. "ಸಾಕು ತೆಗಿ, ಹುಚ್ಚಪ್ಪ," ಅಂದರು. ನಾನು ಚಕ್ರವರ್ತಿಯ ಗತ್ತಿನಲ್ಲಿ, "ಇನ್ನೂ ಸ್ವಲ್ಪ ಇರಲಿ," ಅಂದೆ.

ಕೈ ತೆಗೆದ ಮೇಲೆ ಶರ್ಟಿನ ಗುಂಡಿ ಹಾಕಲು ಆಗಲಿಲ್ಲ ಅತ್ತಿಗೆ. ಬೆರಳು ನನ್ನವೇ, ನನ್ನ ಮಾತು ಕೇಳಲಿಲ್ಲ. ಅಂಕಲ್ ಗುಂಡಿ ಹಾಕಿದರು. ಅವರು ಆಮೇಲೆ ಮೀನಿನ ಜೋಕು ಮಾಡಿಲ್ಲ.

ಮೈಗಂಟಿಕೊಳ್ಳುವ ರಬ್ಬರಿನ ವೆಟ್‌ಸೂಟ್ ತೊಟ್ಟರೆ ಜೀವ ಉಳಿಸಿಕೊಳ್ಳಲು ಹೊತ್ತು ಸಿಗುತ್ತದಂತೆ. ಅಣ್ಣನಿಗೆ ಹೇಳಿದೆ. "ಮುಂದಿನ ವರ್ಷ ನೋಡೋಣ ಬಿಡೋ, ನಾನು ದಡ ಬಿಟ್ಟು ಹೋಗಲ್ಲ," ಅಂದ. ಸುಳ್ಳು. ಚಳಿಗೆ ಮೀನು ಆಳಕ್ಕಿಳಿಯುತ್ತದೆ ಎಂದು ಅವನೇ ಹಿಂದಿನ ವಾರ ಹೇಳಿದ್ದ.

ಎಲ್ಲಿ ಇಳಿಯುತ್ತಾನೆ ಎಂದೂ ನನಗೆ ಗೊತ್ತಿಲ್ಲ. ನಮ್ಮ ಅಜ್ಜಿಯ ಕಟ್ಟಳೆ ನಿಮಗೆ ಗೊತ್ತೇ ಇದೆ. ಹೊಸಿಲು ದಾಟುವವನನ್ನು "ಎಲ್ಲಿಗೆ?" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಚಿಕ್ಕವನಿದ್ದಾಗ ಒಮ್ಮೆ ಅಪ್ಪನನ್ನು ಕೇಳಿ, ಅಪ್ಪ ಚಪ್ಪಲಿ ಬಿಚ್ಚಿ ವಾಪಸ್ ಒಳಗೆ ಕೂತು ನೀರು ಕುಡಿದು ಹೋಗಬೇಕಾಯಿತು. ಬೆನ್ನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಬಂದ ಮೇಲೆ ಕೇಳೋಣವೆಂದರೆ, ಬಂದವನು ಬಿಸಿನೀರಿನ ಕೆಳಗೆ ನಿಂತರೆ ಈಚೆ ಬರುವುದಿಲ್ಲ.

ಬೆರಳಿಗೆ ಇನ್ನೂ ಪೂರ್ತಿ ಧೈರ್ಯ ಬಾರದ,
ಅವಿನಾಶ

*

ಅಟ್ಲಾಂಟಾ
5 ಜನವರಿ 1997

ಅವಿ,

ನಿಮ್ಮ ಮನೆಯ ಕಟ್ಟಳೆ ನನಗೆ ಗೊತ್ತಿಲ್ಲದೆ ಏನು. ಏಳು ವರ್ಷ ಅದರ ಜೊತೆ ಸಂಸಾರ ಮಾಡಿದ್ದೇನೆ.

ಏರ್‌ಪೋರ್ಟಿನಲ್ಲಿ ನಿಮ್ಮಣ್ಣ ನನ್ನ ಎದುರು ನಿಂತಿದ್ದರು. ಇವರು ಕೇಳಲಿ ಎಂದು ಕಾದೆ. ಎಲ್ಲಿ ಇರ್ತೀಯ, ಯಾವಾಗ ಬರ್ತೀಯ, ಯಾಕೆ ಹೋಗ್ತೀಯ, ಯಾವುದಾದರೂ ಒಂದು. ವಿಮಾನಕ್ಕೆ ಕರೆದರು. "ನೀರು ಕುಡಿದು ಹೋಗು," ಅಂದರು. ನನ್ನ ಕೆಲಸ ಕೆಡಬಾರದು ಅಂತ ಕೇಳಲಿಲ್ಲವೋ, ಕೇಳಬೇಕು ಅಂತಲೇ ಅನ್ನಿಸಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು.

ವೆಟ್‌ಸೂಟಿಗೆ ಚೆಕ್ ಇಟ್ಟಿದ್ದೇನೆ. ನನ್ನ ಹೆಸರು ಹೇಳಬೇಡ.

ನೀರಜಾ

*

ಕೊಲಂಬಿಯಾ
9 ಫೆಬ್ರವರಿ 1997

ಅತ್ತಿಗೆ,

ಅಣ್ಣ ಮಲಗಿದ್ದಾನೆ. ಆಸ್ಪತ್ರೆಯಿಂದ ಇವತ್ತು ಬೆಳಿಗ್ಗೆ ಕಳಿಸಿದರು. ನಿನ್ನೆ ಫೋನಿನಲ್ಲಿ ಅಳುತ್ತ ಹೇಳಿದ್ದು ನಿಮಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಅದಕ್ಕೆ ಮೊದಲಿಂದ ಬರೆಯುತ್ತಿದ್ದೇನೆ.

ವೆಟ್‌ಸೂಟ್ ಶುಕ್ರವಾರ ಅಂಗಡಿಗೆ ಬಂದಿತ್ತು. ಸಂಜೆ ಹೋಗಿ ತರೋಣ ಅಂದೆ. "ನಾಳೆ ಒಂದಿನ ಅದಿಲ್ಲದೆ ಹೇಗೋ ಆಗುತ್ತೆ," ಅಂದ. ಬೆಳಿಗ್ಗೆ ನಾನು ಸೋಫಾದಲ್ಲಿ ಅರೆನಿದ್ದೆಯಲ್ಲಿದ್ದಾಗ ದೋಣಿ ತಲೆಯ ಹತ್ತಿರದಿಂದ ಸರಿದು ಹೋಯಿತು. "ಬರ್ತೀನಿ ಕಣೋ," ಅಂದ. ಎಲ್ಲಿಗೆ ಎನ್ನುವ ಮಾತು ನಾಲಿಗೆಗೆ ಬಂತು. ನುಂಗಿದೆ. ಕೆಟ್ಟದ್ದಾಗಬಾರದು ಅಂತ ನುಂಗಿದೆ.

ಬಿಸಿಲೇರುವ ಹೊತ್ತಿಗೆ ಗಾಳಿ ಎದ್ದಿತು. ಪಾರ್ಕಿಂಗ್ ಲಾಟಿನಲ್ಲಿ ಕಸದ ಡಬ್ಬಗಳು ಉರುಳಾಡಿದವು. ಊಟದ ಹೊತ್ತು ದಾಟಿತು. ಅಣ್ಣ ಊಟದ ಹೊತ್ತು ದಾಟಿಸಿದವನಲ್ಲ. ನಾನು ಅಂಕಲ್ ಮನೆಗೆ ಓಡಿದೆ. ಅವರು ನನ್ನ ಮುಖ ನೋಡಿ, "ಅವಿನಾಶ್, ನಿನ್ನ ಆಟ ಅಲ್ಲ ತಾನೇ ಇದು?" ಅಂದರು. ಅಲ್ಲ ಎಂದು ನಂಬಿಸಲು ನನಗೆ ಆಣೆ ಹಾಕಬೇಕಾಯಿತು.

ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದೆವು. ಆ ಹೆಂಗಸು ಕೇಳಿದ ಮೊದಲ ಪ್ರಶ್ನೆಯೇ, ಅವರು ಎಲ್ಲಿಂದ ನೀರಿಗಿಳಿದರು?

ಗೊತ್ತಿಲ್ಲ ಅಂದೆ.

ಯಾವ ನದಿ?

ಗೊತ್ತಿಲ್ಲ.

ಹೊರಡುವಾಗ ನೀವು ಕೇಳಲಿಲ್ಲವೇ ಸರ್?

ಇದಕ್ಕೆ ಏನು ಹೇಳಲಿ ಅತ್ತಿಗೆ? ನಮ್ಮಲ್ಲಿ ಕೇಳಬಾರದು ಅಂತ ಇದೆ, ಅಂದೆ. ಆಕೆ, ಈ ಕೊಲ್ಲಿಯ ದಡ ಸಾವಿರಾರು ಮೈಲಿ ಇದೆ, ಅಂದಳು.

ಅಂಕಲ್ ಫೋನು ಕಸಿದುಕೊಂಡು ಕಾರಿನ ನಂಬರು ಕೊಟ್ಟರು. ಆ ಲೈನು ಇಟ್ಟ ತಕ್ಷಣ ನಾನು ನಿಮಗೆ ಮಾಡಿದೆ. ನಿಮಗೆ ಗೊತ್ತಿರುತ್ತದೆ ಅಂತಲ್ಲ. ಯಾರಿಗಾದರೂ ಹೇಳಬೇಕಿತ್ತು. ಮೊದಲ ರಿಂಗಿಗೇ ಎತ್ತಿದಿರಿ. ನಾನು ಹಲೋ ಅನ್ನುವ ಮುಂಚೆಯೇ, "ಬಂದ್ರಾ?" ಅಂದಿರಿ.

ಆಮೇಲೆ ನೀವು ಹೇಳಿದ್ದನ್ನು ನಾನು ಗಿಳಿಯ ಹಾಗೆ 911ಕ್ಕೆ ಒಪ್ಪಿಸಿದೆ. ಮ್ಯಾಗೋತಿ ನದಿ, ಚರ್ಚಿನ ಹಿಂದಿನ ಸಣ್ಣ ದಡ, ಎಡಗಡೆಯ ದಂಡೆ ಹಿಡಿದು ಹೋಗ್ತಾರೆ.

ಕಾರು ಅಲ್ಲೇ ಇತ್ತು. ಹೊಳೆಯ ಆಚೆ ಬದಿಯ ಜೊಂಡಿನಲ್ಲಿ ರಕ್ಷಣಾ ದೋಣಿಯವರಿಗೆ ಮೊದಲು ಕಂಡಿದ್ದು ಹಳದಿ ಬಣ್ಣವಂತೆ. ಗಾಳಿ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿತ್ತು. ಹತ್ತಲು ನೋಡಿದ್ದಾನೆ, ಆಗಿಲ್ಲ. ಅದನ್ನೇ ತಬ್ಬಿಕೊಂಡು ಜೊಂಡಿನ ತನಕ ತೇಲಿದ್ದಾನೆ. ಕೊರಳಲ್ಲೇ ಸೀಟಿ ಇತ್ತು, ಅದನ್ನು ಬಾಯಿಗಿಡಲು ಬೆರಳು ಬಗ್ಗಲಿಲ್ಲ. ಸ್ವೆಟರನ್ನು ಕತ್ತರಿಸಿ ತೆಗೆದರು. ಇನ್ನರ್ಧ ಗಂಟೆ ತಡವಾಗಿದ್ದರೆ ನಾವು ತರುತ್ತಿದ್ದುದು ದೋಣಿಯನ್ನು ಮಾತ್ರ, ಎಂದು ಅವರಲ್ಲೊಬ್ಬ ಅಂಕಲ್‌ಗೆ ಹೇಳಿದ.

ನನ್ನನ್ನು ನೋಡಿ ಅಣ್ಣ, "ಗಾಳ ಹೋಯ್ತು ಕಣೋ," ಅಂದ. ಆಮೇಲೆ ಗೋಡೆ ಕಡೆ ತಿರುಗಿದ.

ನಿಮಗೆ ಹೇಗೆ ಗೊತ್ತಿತ್ತು?

ಅವಿನಾಶ

*

ಅಟ್ಲಾಂಟಾ
16 ಫೆಬ್ರವರಿ 1997

ಅವಿ,

ಹೇಳುತ್ತೇನೆ. ಓದಿ ನನ್ನನ್ನು ಏನು ಬೇಕಾದರೂ ಅಂದುಕೋ.

ನವೆಂಬರಿನಿಂದ ಪ್ರತಿ ಶನಿವಾರ ಬೆಳಿಗ್ಗೆ ನನ್ನ ಆನ್ಸರಿಂಗ್ ಮೆಷಿನ್ನಿಗೆ ನಿಮ್ಮಣ್ಣನ ಫೋನು ಬರುತ್ತಿತ್ತು. ಯಾವುದೋ ಬಂಕಿನಿಂದ. ಮೊದಲ ಸಲ ಕೆಮ್ಮಿ, "ದೋಣಿ ಅಂಗಡಿಯವನು ದಡದಲ್ಲಿ ಒಬ್ಬರಿಗಾದರೂ ಹೇಳಿ ಹೋಗಬೇಕು ಅಂದ. ಅದಕ್ಕೆ," ಅಂದರು. ಆಮೇಲೆ ಜಾಗದ ಹೆಸರು, ಯಾವ ದಂಡೆ, ಎಷ್ಟು ಹೊತ್ತಿಗೆ ವಾಪಸ್ಸು. ಚೆನ್ನಾಗಿದ್ದೀಯಾ ಅಂತ ಕೂಡ ಇಲ್ಲ. ಮಧ್ಯಾಹ್ನ ಅಲ್ಲಿಂದಲೇ ಇನ್ನೊಂದು ಫೋನು, ಒಂದೇ ಪದ: "ಬಂದೆ."

ನಿನಗೆ ಯಾಕೆ ಹೇಳಲಿಲ್ಲ ಎಂದು ಕೊರಗಬೇಡ. ನೀನು ಮಧ್ಯಾಹ್ನದ ತನಕ ಮಲಗುವವನು.

ನಾನು ಮನೆಯಲ್ಲಿರುತ್ತಿರಲಿಲ್ಲ ಅಂದುಕೊಂಡೆಯಾ? ಪ್ರತಿ ಸಲವೂ ಅವರ ಮಾತು ರೆಕಾರ್ಡ್ ಆಗುತ್ತಿರುವಾಗ ಮೆಷಿನ್ನಿನ ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಕೈ ರಿಸೀವರಿನ ಮೇಲೆ. ಎತ್ತಲಿಲ್ಲ. ಅವರು ಏನಾದರೂ ಕೇಳಿದರೆ ಎತ್ತುತ್ತೇನೆ ಅಂತ ಹಟ.

ಆ ಶನಿವಾರ "ಬಂದೆ" ಬರಲಿಲ್ಲ. ಹೊತ್ತು ಮೀರಿತು. ಮನೆಗೆ ಫೋನ್ ಮಾಡೋಣ ಅಂದುಕೊಂಡೆ. ಅವರೇ ಎತ್ತಿದರೆ? ಕಾಯುತ್ತಿದ್ದೆ ಅಂತ ಗೊತ್ತಾಗಿಬಿಡುತ್ತದಲ್ಲ. ಅದಕ್ಕೆ ಸುಮ್ಮನೆ ಕೂತೆ. ಅವರು ನೀರಿನಲ್ಲಿದ್ದಾಗ ನಾನು ನನ್ನ ಮರ್ಯಾದೆ ಕಾಯುತ್ತ ಕೂತಿದ್ದೆ ಅವಿ. ಅವರು ಎಲ್ಲಿದ್ದಾರೆ ಎಂದು ಗೊತ್ತಿದ್ದವಳು ಭೂಮಿಯ ಮೇಲೆ ನಾನೊಬ್ಬಳೇ. ನೀನು ಫೋನ್ ಮಾಡದಿದ್ದರೆ ಇನ್ನೆಷ್ಟು ಹೊತ್ತು ಹಾಗೆಯೇ ಕೂತಿರುತ್ತಿದ್ದೆನೋ. ನೀನು ಬರೆದ ಆ ಅರ್ಧ ಗಂಟೆಯ ಮಾತನ್ನು ಓದಿ ಲ್ಯಾಬಿಗೆ ಹೋಗಲಾಗಲಿಲ್ಲ.

ದೋಣಿ ಬಿಡಿ ಅಂತ ನಾನು ಹೇಳುವುದಿಲ್ಲ. ನನ್ನ ಅಟ್ಲಾಂಟಾವನ್ನು ಅವರೂ ಬಿಡು ಅನ್ನಲಿಲ್ಲ. ಆದರೆ ಒಬ್ಬರೇ ಹೋಗಕೂಡದು. ನೀನು ಜೊತೆಗೆ ಹೋಗು. ಇನ್ನೊಂದು ದೋಣಿ ಬಾಡಿಗೆಗೆ ತಗೋ. ಅವರು ಬಿದ್ದರೆ ಎತ್ತುವುದಕ್ಕೆ ನೀನೊಬ್ಬನಿದ್ದೀಯ ಎಂದಾದರೆ ನಾನು ಶನಿವಾರ ಉಸಿರಾಡುತ್ತೇನೆ.

ನೀರಜಾ

*

ಕೊಲಂಬಿಯಾ
23 ಮಾರ್ಚ್ 1997

ಅಟ್ಲಾಂಟಾ ಮಂಡಲಾಧೀಶ್ವರಿಯವರ ಅಂಗರಕ್ಷಕ ದಳದ ಜಲವಿಭಾಗಕ್ಕೆ ನೂತನವಾಗಿ ನೇಮಕಗೊಂಡ ದಂಡನಾಯಕ ಅವಿನಾಶನು ಸಮರ್ಪಿಸುವ ವರದಿ:

ತಮ್ಮ ಅಪ್ಪಣೆ ಜಾರಿಯಾಗಿದೆ. ಅಣ್ಣ ಮೂರು ವಾರ ದೋಣಿಯ ಕಡೆ ನೋಡಲಿಲ್ಲ. ನಾಲ್ಕನೆಯ ವಾರ ನಾನು ಇನ್ನೊಂದು ದೋಣಿಯ ಜೊತೆ ಬಾಡಿಗೆಗೆ ತಂದ ವೆಟ್‌ಸೂಟ್ ತೊಡಲು ಹೊರಟು ಒಂದು ಕಾಲಿಗೆ ಸಿಕ್ಕಿಕೊಂಡು ನೆಲಕ್ಕೆ ಬಿದ್ದೆ. ಶಫೀವುಲ್ಲಾ ಅಂಕಲ್ ಬೆನ್ನಿನ ಜಿಪ್ ಎಳೆಯುತ್ತ, "ಹೊಟ್ಟೆ ಒಳಗೆ ತಗೊಳ್ಳೋ, ಬದನೇಕಾಯಿ!" ಅಂದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ನಕ್ಕ. ಫೆಬ್ರವರಿಯಿಂದೀಚೆಗೆ ಮೊದಲ ನಗು. ಮರುದಿನ ತಾನೂ ತನ್ನದನ್ನು ತೊಟ್ಟ.

ಈಗ ನಾವು ಪುಸ್ತಕವನ್ನು ಪಾರಾಯಣ ಮಾಡಿಯೇ ಹೊರಡುವುದು. ಒಣಬಟ್ಟೆ ನೀರು ಹೋಗದ ಚೀಲದಲ್ಲಿ. ಹುಟ್ಟಿಗೆ ಹಗ್ಗ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ದಣಿದು ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಮಗುಚಿದ ದಿನ ಅಣ್ಣ ಇದನ್ನು ತಿರುಗುಮುರುಗು ಮಾಡಿದ್ದ. ಬೇಕೆಂದೇ ದೋಣಿ ಮಗುಚಿ, ಅದರ ಬೆನ್ನ ಮೇಲೆ ಹೊಟ್ಟೆ ಹಾಕಿ, ಮೊಸಳೆಯ ಹಾಗೆ ತೆವಳಿ ಹತ್ತುವುದನ್ನು ಕಲಿತೆವು. ತಣ್ಣೀರು ಕುತ್ತಿಗೆಗೆ ತಾಕಿದಾಗ ಉಸಿರು ತಾನಾಗಿಯೇ ಒಳಗೆ ನುಗ್ಗುತ್ತದೆ ಅತ್ತಿಗೆ. ಬಾಯಿ ಮುಚ್ಚಿಕೊಂಡಿರುವುದೇ ಮೊದಲ ಪಾಠ. ನನ್ನಂಥವನಿಗೆ ಅದೇ ಕಷ್ಟ.

ಕಳೆದ ಶನಿವಾರ ಇದ್ದಕ್ಕಿದ್ದ ಹಾಗೆ ಗಾಳಿ ತಿರುಗಿತು. ನೀರು ಕಪ್ಪಾಯಿತು, ಅಲೆಯ ತುದಿಗೆ ಬಿಳಿ ಬಂತು. ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಮುಖ ಆಸ್ಪತ್ರೆಯ ಗೋಡೆಯ ಕಡೆ ತಿರುಗಿದಾಗಿನ ಮುಖ. ನಾನು ಹಾಸ್ಯ ಮಾಡೋಣವೆಂದು ಬಾಯಿ ತೆರೆದೆ, ಒಂದೂ ಹೊಳೆಯಲಿಲ್ಲ. ಅವನೇ ತನ್ನ ದೋಣಿಯನ್ನು ನನ್ನದಕ್ಕೆ ಒತ್ತಿ ತಂದು, ನನ್ನ ದೋಣಿಯ ಅಂಚು ಹಿಡಿದುಕೊಂಡ. ಗಾಳಿ ದಾಟುವ ತನಕ ಬಿಡಲಿಲ್ಲ.

"ಸಾಕು, ಮನೆಗೆ ಹೋಗೋಣ," ಅಂದ. ಹೋದೆವು. ಒಂದು ಹಳದಿ ಪರ್ಚ್ ಮೀನು ಸಿಕ್ಕಿತ್ತು, ಅಂಗೈಯಗಲ. ಅದಕ್ಕೂ ಕ್ಷೇಮ ಹಾರೈಸಿ ಬಿಟ್ಟೆವು.

ತಮ್ಮ ಶನಿವಾರಗಳ ಕಾವಲುಗಾರ,
ಅವಿನಾಶ

*

ಅಟ್ಲಾಂಟಾ
6 ಏಪ್ರಿಲ್ 1997

ಪ್ರೀತಿಯ ಅವಿ,

ನಿನ್ನೆ ಬೆಳಿಗ್ಗೆ ಫೋನು ಬಂತು. ಎತ್ತಿದೆ.

ಆ ಕಡೆ ಅವರು ಮೆಷಿನ್ನಿನ ಬೀಪ್ ಶಬ್ದಕ್ಕೆ ಕಾಯುತ್ತಿದ್ದರು. ನಾನು, "ಎಲ್ಲಿಗೆ?" ಅಂದೆ. ಹೊರಟವರನ್ನು ಕೇಳಬಾರದ್ದನ್ನೇ ಕೇಳಿದೆ. ಬಂಕಿನ ಹತ್ತಿರ ಲಾರಿಯೊಂದು ಹೋಯಿತು. "ಮ್ಯಾಗೋತಿಗೆ. ಅವಿ ಜೊತೆಗಿದ್ದಾನೆ," ಅಂದರು. ಆಮೇಲೆ, "ನೀನು?" ಅಂದರು. ನಾನು ಎಲ್ಲಿಗೂ ಹೊರಟಿರಲಿಲ್ಲ, ಅಡುಗೆಮನೆಯಲ್ಲಿ ನಿಂತಿದ್ದೆ. ಆದರೂ ಕೇಳಿದರಲ್ಲ.

ಎಲ್ಲ ಸರಿಹೋಯಿತು ಅಂತ ಹಬ್ಬ ಮಾಡಬೇಡ. ಅವರ ಗ್ರೀನ್ ಕಾರ್ಡ್ ಅಲ್ಲೇ, ನನ್ನ ಕೆಲಸ ಇಲ್ಲೇ. ಈ ತಿಂಗಳ ಕೊನೆಗೆ ಅರ್ಧಕ್ಕಿಂತ ಹೆಚ್ಚು ದಾರಿ ಅವರು ಡ್ರೈವ್ ಮಾಡಿ ಬರುತ್ತಾರೆ, ಮಿಕ್ಕ ದಾರಿ ನಾನು. ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಒಂದು ಕೆರೆ ಇದೆಯಂತೆ, ನೀರು ಅಷ್ಟು ತಣ್ಣಗಿರುವುದಿಲ್ಲವಂತೆ. ಅಲ್ಲಿ ನಾನೂ ದೋಣಿಯಲ್ಲಿ ಕೂರುತ್ತೇನೆ. ಏನು ಮಾತಾಡುತ್ತೇವೋ ಗೊತ್ತಿಲ್ಲ.

ಫೆಬ್ರವರಿ ಆದ ಮೇಲೆ ನನಗೆ ನಿದ್ದೆ ಬಂದಿದ್ದರೆ ಅದು ನಿನ್ನಿಂದ. ನೀರಿನ ಮೇಲೆ ಅವರನ್ನು ಕಾಯುವವನು ಒಬ್ಬನಿದ್ದಾನೆ ಎಂಬ ಒಂದೇ ಧೈರ್ಯದ ಮೇಲೆ ಇಷ್ಟು ದಿನ ನಡೆಯಿತು. ಇದನ್ನು ನಾನು ಮರೆಯುವುದಿಲ್ಲ.

ನಿನ್ನ ಅತ್ತಿಗೆ,
ನೀರಜಾ

*

ಕೊಲಂಬಿಯಾ
13 ಏಪ್ರಿಲ್ 1997

ಅಟ್ಲಾಂಟಾದಿಂದ ಶಾರ್ಲೆಟ್ ಪರ್ಯಂತ ದಿಗ್ವಿಜಯಕ್ಕೆ ಹೊರಡಲಿರುವ ಮಹಾಮಾತೆಯವರಿಗೆ,

ತಮ್ಮ ಪತ್ರವನ್ನು ನಿಂತುಕೊಂಡು ಓದಿದೆ. ಶಫೀವುಲ್ಲಾ ಅಂಕಲ್‌ಗೂ ಓದಿ ಹೇಳಿದೆ, ಕಣ್ಣೊರೆಸಿಕೊಂಡರು. ಸಾಲೆಹಾ ಆಂಟಿ ದಾರಿಗೆಂದು ಖರ್ಜೂರದ ಬಿಸ್ಕತ್ತು ಮಾಡುತ್ತಿದ್ದಾರೆ. ಅಣ್ಣ ಕಾರಿನ ಟೈರ್ ಚೆಕ್ ಮಾಡಿಸಿದ, ಹೇರ್ ಕಟ್ ಮಾಡಿಸಿದ, ಮತ್ತೆ ಟೈರ್ ಚೆಕ್ ಮಾಡಿಸಿದ. ನಿಮ್ಮ ಅಳತೆಯ ಲೈಫ್ ಜಾಕೆಟ್ ತಂದಿದ್ದಾನೆ. ನೀವು ಹೆದರಿದ್ದೀರಿ ಎಂದು ನಿಮ್ಮ ಅಕ್ಷರದಲ್ಲೇ ಕಾಣುತ್ತದೆ. ಅವನೂ ಹೆದರಿದ್ದಾನೆ. ನೀರಿಗಲ್ಲ.

ತಾವು ದಯಪಾಲಿಸಿದ ಪ್ರಶಂಸೆಯನ್ನು ಶಿರಸಾ ವಹಿಸಿ, ಕನ್ನಡಿಯ ಮುಂದೆ ನಿಂತು, ಪೇಟ ಇಲ್ಲದ್ದರಿಂದ ಟವೆಲ್ ಸುತ್ತಿಕೊಂಡು ಸ್ವೀಕರಿಸಿದೆ. ಆಮೇಲೆ ಆ ಟವೆಲ್ ಬಿಚ್ಚಿದೆ. ಯಾಕೆಂದರೆ ಒಂದು ಸಣ್ಣ ವಿಷಯ ಉಳಿದಿದೆ, ಅದನ್ನು ನೀವು ಶಾರ್ಲೆಟ್‌ನಲ್ಲಿ ಅಣ್ಣನ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ಅತ್ತಿಗೆ, ನನಗೆ ಈಜು ಬರುವುದಿಲ್ಲ. ಮೊದಲ ದಿನ ದಡದಲ್ಲಿ ನಿಂತು ಅಣ್ಣನಿಗೆ ಹೇಳಿಬಿಟ್ಟೆ. "ನೀರಜಾಗೆ ಹೇಳಬೇಡ," ಅಂದ. ಅವತ್ತಿನಿಂದ ಇವತ್ತಿನ ತನಕ ಅವನು ನನ್ನ ಸೊಂಟ ಮುಳುಗುವಷ್ಟು ನೀರು ದಾಟಿ ಎರಡೂ ದೋಣಿಗಳನ್ನು ಹೋಗಗೊಟ್ಟಿಲ್ಲ.

ಇಂತು ದಡದ ದಂಡನಾಯಕ,
ಅವಿನಾಶ